ಸೈಕಲ್ ಹಾದಿಯ ಹಕ್ಕೊತ್ತಾಯ: ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆ

ಸೈಕಲ್ ಸವಾರರು ಜೀವಭಯವಿಲ್ಲದೆ ಓಡಾಡುವಂಥ ರಸ್ತೆ, ರಸ್ತೆಯಂಚು, ದಾಟುದಾರಿ, ನೆರಳು, ದೀಪಗಳಿಗಾಗಿ ಊರಿನವರೇ ಆಡಳಿತದ ಮುಂದಿಡುವ ಬೇಡಿಕೆಗಳನ್ನೂ ಅದಕ್ಕಾಗಿ ನಡೆಸುವ ಎಣಿಕೆ, ಮನವಿ, ಜಾಥಾಗಳನ್ನೂ ಒಟ್ಟಾಗಿ ಸೈಕಲ್ ಹಾದಿಯ ಹಕ್ಕೊತ್ತಾಯ ಎನ್ನಬಹುದು. ಈ ಮಾತು ಕೇಳಿದೊಡನೆ ಆಮ್‌ಸ್ಟರ್‌ಡಾಮ್ ಅಥವಾ ಬೆಂಗಳೂರು ಕಣ್ಣಮುಂದೆ ಬರುವುದು ವಾಡಿಕೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರಿನಂಥ ಕಡೆ ಅದು ಸೈಕಲ್ಲಿನ ಹೆಸರು ಹೊತ್ತು ಬರುವುದು ಕಡಿಮೆ. ಶಾಲೆ ಮುಂದೆ ಹಂಪ್ಸ್ ಹಾಕಿ, ರಸ್ತೆ ಬದಿಯ ಜಾಲಿ ಕಡಿಸಿ, ತಗ್ಗು ಮುಚ್ಚಿಸಿ, ಸಂಜೆ ಬಸ್ ಬಿಡಿ ಎಂದು ತಹಶೀಲ್ದಾರರಿಗೆ ಕೊಡುವ ಮನವಿಗಳಲ್ಲಿ ಬೆರೆತು ಬರುತ್ತದೆ. ಆ ಮನವಿಗಳನ್ನು ಸೈಕಲ್ ಸವಾರನ ಕಣ್ಣಿನಿಂದ ಓದಿದರೆ ಎಲ್ಲವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ: ಡಾಂಬರು ಮುಗಿದು ಮಣ್ಣು ಶುರುವಾಗುವ ಒಂದೂವರೆ ಮೀಟರ್ ಅಂಚು.

ಸೀಮೆ ಮತ್ತು ರಸ್ತೆ

ಮೂರೂ ಊರುಗಳು ಒಂದೇ ದಾರದಲ್ಲಿ ಪೋಣಿಸಿದಂತಿವೆ. ಜೇವರ್ಗಿಯಿಂದ ಹೊರಟು ಸುರಪುರ, ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಹಿರಿಯೂರು ಮೂಲಕ ಚಾಮರಾಜನಗರದವರೆಗೆ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿ ಆ ದಾರ. ಲಿಂಗಸುಗೂರಿನಿಂದ ಸಿಂಧನೂರಿಗೆ 50–60 ಕಿ.ಮೀ.; ಮಸ್ಕಿ ಹೆಚ್ಚುಕಡಿಮೆ ನಟ್ಟನಡುವೆ. ಲಿಂಗಸುಗೂರಿನಲ್ಲಿ ಬೆಳಗಾವಿ–ರಾಯಚೂರು ರಸ್ತೆ ಇದನ್ನು ಅಡ್ಡ ಹಾಯುತ್ತದೆ. ಸಿಂಧನೂರಿನಲ್ಲಿ ಗಂಗಾವತಿ, ಕುಷ್ಟಗಿ, ರಾಯಚೂರು ಕಡೆಯ ರಸ್ತೆಗಳು ಬಂದು ಕೂಡುತ್ತವೆ.

ಒಂದೇ ರಸ್ತೆಯಾದರೂ ಎರಡು ಬಗೆಯ ನೆಲ. ಸಿಂಧನೂರು ನೀರಾವರಿ ನಾಡು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟ ಮೇಲೆ ಎಡದಂಡೆ ಕಾಲುವೆಯ ಕೆಳಗೆ ಭತ್ತದ ಗದ್ದೆಗಳು ಹರಡಿಕೊಂಡವು. ಆಂಧ್ರದಿಂದ ಬಂದ ರೈತರು ಹೊಲಗಳ ನಡುವೆಯೇ ಮನೆ ಕಟ್ಟಿ ಕೂತ ಊರುಗಳಿಗೆ ಕ್ಯಾಂಪ್ ಎಂಬ ಹೆಸರು ಉಳಿಯಿತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿ ಊರುಗಳೂ ಆರ್.ಎಚ್. ಕ್ಯಾಂಪ್‌ಗಳೇ. ಕ್ಯಾಂಪ್ ಎಂದರೆ ಪೇಟೆಗೆ ತೀರಾ ದೂರವೂ ಅಲ್ಲ, ನಡೆದು ಹೋಗುವಷ್ಟು ಹತ್ತಿರವೂ ಅಲ್ಲ. ಸೈಕಲ್ಲಿಗೆ ಹೇಳಿ ಮಾಡಿಸಿದ ಅಂತರ. 2011ರ ಜನಗಣತಿಯಲ್ಲಿ ಸಿಂಧನೂರು ಪಟ್ಟಣದ ಜನಸಂಖ್ಯೆ 75 ಸಾವಿರದಷ್ಟಿತ್ತು. ಅಕ್ಕಿ ಗಿರಣಿ, ಟ್ರ್ಯಾಕ್ಟರ್ ಷೋರೂಮು, ಬೀಜ ಗೊಬ್ಬರದ ಅಂಗಡಿಗಳ ಈ ಊರಿಗೆ ಸುತ್ತಲಿನ ಹಳ್ಳಿ, ಕ್ಯಾಂಪುಗಳಿಂದ ದಿನವೂ ಜನ ಬಂದು ಹೋಗುತ್ತಾರೆ. 2024ರಲ್ಲಿ ರೈಲು ಕೂಡ ಸಿಂಧನೂರು ತಲುಪಿದ್ದರಿಂದ ಹೋಗಿಬರುವ ದಿಕ್ಕು ಇನ್ನೊಂದು ಹೆಚ್ಚಿತು.

ಮಸ್ಕಿ ದಾಟಿ ಲಿಂಗಸುಗೂರಿನ ಕಡೆಗೆ ಹೋದಂತೆ ನೆಲ ಒಣಗುತ್ತದೆ. ತೊಗರಿ, ಹತ್ತಿ, ಕಲ್ಲುಗುಡ್ಡ. ಹಟ್ಟಿ ಚಿನ್ನದ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲಿದೆ. ಮಸ್ಕಿಯ ಹೆಸರು ಜಗತ್ತಿಗೆ ತಿಳಿದದ್ದೂ ಚಿನ್ನ ಹುಡುಕುವವನೊಬ್ಬನಿಂದ: ಗಣಿ ಇಂಜಿನಿಯರ್ ಸಿ. ಬೀಡನ್ 1915ರಲ್ಲಿ ಅಲ್ಲಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೇಳುವ ಶಾಸನ ಕಂಡ. ರಸ್ತೆ ಬದಿ ಮರ ನೆಡಿಸಿದ, ಬಾವಿ ತೋಡಿಸಿದ ಅರಸ ಎಂದು ಶಾಲೆಯಲ್ಲಿ ಓದುವ ಮಾತು ಮಸ್ಕಿಯ ಶಾಸನದಲ್ಲಿಲ್ಲ. ಈಗ ದಿಲ್ಲಿಯಲ್ಲಿರುವ ತೋಪ್ರಾ ಕಂಬದ 7ನೇ ಶಾಸನದಲ್ಲಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ರಸ್ತೆಯಲ್ಲಿ ಮಧ್ಯಾಹ್ನ ಸೈಕಲ್ ಹೊಡೆದವರಿಗೆ ಮಾತ್ರ ಆ ಅರಸ ಮರಕ್ಕೆ ಏಕೆ ಅಷ್ಟು ಮಹತ್ವ ಕೊಟ್ಟನೆಂಬುದು ಚೆನ್ನಾಗಿ ತಿಳಿಯುತ್ತದೆ. ಹೆದ್ದಾರಿ ಅಗಲವಾದಾಗಲೆಲ್ಲ ಮೊದಲು ಹೋಗುವುದು ಮರ. ಸೈಕಲ್ ಹಾದಿಯ ಬೇಡಿಕೆಯ ಪಟ್ಟಿಯಲ್ಲಿ ಈ ಸೀಮೆಯ ಮಟ್ಟಿಗೆ ಬೇವಿನ ಸಾಲು ಬಣ್ಣ ಬಳಿದ ಪಟ್ಟೆಗಿಂತ ಮೇಲೆ ಇರಬೇಕು.

ರಸ್ತೆಯ ಅಂಚು

ದ್ವಿಪಥ ಹೆದ್ದಾರಿಯ ವಾಹನ ಓಡುವ ಭಾಗ 7 ಮೀಟರ್. ಅಂಚಿಗೂ ಡಾಂಬರು ಹಾಕಿದ್ದರೆ ಎರಡೂ ಬದಿ ಸಾಮಾನ್ಯವಾಗಿ 1.5 ಮೀಟರ್ ಹೆಚ್ಚು. ಸೈಕಲ್ಲಿಗೆಂದು ಬೇರೆ ಪಥವಿಲ್ಲದ ಕಡೆ ಈ 1.5 ಮೀಟರೇ ಸೈಕಲ್ ಪಥ. ಆದರೆ ಅದಕ್ಕೆ ಹಕ್ಕುದಾರರು ಬಹಳ.

ಮೊದಲನೆಯದು ಬಳ್ಳಾರಿ ಜಾಲಿ. ನೀರಿರಲಿ ಬಿಡಲಿ ಬೆಳೆಯುವ ಈ ಕಂಟಿ ಒಂದು ಮಳೆಗಾಲ ಬಿಟ್ಟರೆ ಅಂಚನ್ನು ಪೂರ್ತಿ ಮುಚ್ಚಿ ಡಾಂಬರಿನ ಮೇಲೆ ಕೈಚಾಚುತ್ತದೆ. ಕಾರಿನವನಿಗೆ ಅದು ಕಿಟಕಿಗೆ ಸವರಿಹೋಗುವ ಸೊಪ್ಪು. ಸೈಕಲ್ಲಿನವನಿಗೆ ಮುಖದ ಮಟ್ಟದಲ್ಲಿರುವ ಮುಳ್ಳು. ಆತ ಒಂದು ಮೊಳ ಬಲಕ್ಕೆ ಸರಿಯುತ್ತಾನೆ. ಆ ಒಂದು ಮೊಳದಲ್ಲೇ ಹಿಂದಿನಿಂದ ಲಾರಿ ಬರುತ್ತಿರುತ್ತದೆ. ತಿರುವುಗಳಲ್ಲಿ ಜಾಲಿ ಬೆಳೆದರೆ ಎದುರಿನ ವಾಹನವೂ ಕಾಣದು. ಕಡಿದುಹಾಕಿದ ಜಾಲಿಯನ್ನು ಅಂಚಿನಲ್ಲೇ ಬಿಟ್ಟು ಹೋದರಂತೂ ಕಡಿಯದಿದ್ದರೇ ವಾಸಿ: ಒಣಗಿದ ಮುಳ್ಳು ಟೈರಿನಲ್ಲಿ ಇಳಿದು, ಮುರಿದ ತುದಿ ಒಳಗೇ ಉಳಿದು, ಅದೇ ಟ್ಯೂಬನ್ನು ಮೂರು ಸಲ ಪಂಚರ್ ಮಾಡುತ್ತದೆ. ಅನುಭವಸ್ಥ ಪಂಚರ್ ಅಂಗಡಿಯವನು ತೇಪೆ ಹಚ್ಚಿದ ಮೇಲೆ ಟೈರಿನ ಒಳಮೈಯನ್ನು ಬೆರಳಿಂದ ಒಂದು ಸುತ್ತು ಸವರಿ ನೋಡುವುದು ಇದಕ್ಕೇ.

ಎರಡನೆಯದು ಬೆಳೆ. ಸುಗ್ಗಿಯಲ್ಲಿ ಭತ್ತ, ತೊಗರಿ, ಜೋಳ ಎಲ್ಲ ರಸ್ತೆಗೆ ಬರುತ್ತವೆ. ಕಣ ಮಾಯವಾದ ಕಾಲದಲ್ಲಿ ಬಿಸಿ ಡಾಂಬರೇ ರೈತನ ಕಣ. ಅದರಲ್ಲಿ ಅವನನ್ನು ಬೈಯುವಂಥದ್ದೇನೂ ಇಲ್ಲ, ಒಕ್ಕಲು ಕಣಗಳನ್ನು ಕಟ್ಟಿಸಿಕೊಡಬೇಕಾದವರು ಕಟ್ಟಿಸಿಲ್ಲ ಅಷ್ಟೆ. ತೊಂದರೆ ಇರುವುದು ಕಲ್ಲಿನಲ್ಲಿ. ಹರವಿದ ಕಾಳಿನ ಮೇಲೆ ಗಾಡಿ ಹಾಯದಿರಲೆಂದು ಸುತ್ತ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಡುತ್ತಾರೆ. ಸಂಜೆ ಕಾಳು ತುಂಬಿಕೊಂಡು ಹೋಗುವಾಗ ಕಲ್ಲು ಅಲ್ಲೇ. ಕತ್ತಲಾದ ಮೇಲೆ ದೀಪವಿಲ್ಲದ ಸೈಕಲ್ಲಿಗೆ ಅದು ಕಾಣುವುದು ಮುಂದಿನ ಗಾಲಿ ತಾಗಿದಾಗ.

ಮೂರನೆಯದು ಮಣ್ಣು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಈ ಏರಿಳಿತ ತಾಳದೆ ಮೊದಲು ಅಂಚಿನಲ್ಲಿ ಒಡೆಯುತ್ತದೆ. ಹೀಗೆ ರಸ್ತೆಗೂ ಮಣ್ಣಿಗೂ ನಡುವೆ ಗೇಣುದ್ದ ಮೆಟ್ಟಿಲು ಬೀಳುತ್ತದೆ. ಒಮ್ಮೆ ಕೆಳಗಿಳಿದ ಸೈಕಲ್ ಓರೆಯಾಗಿ ಮೇಲೆ ಹತ್ತಲು ಹೋದರೆ ಗಾಲಿ ಜಾರಿ ಸವಾರ ರಸ್ತೆಯ ಕಡೆಗೇ ಬೀಳುತ್ತಾನೆ. ಮಳೆ ಬಂದ ದಿನದ ಕಥೆ ಬೇರೆ. ಮಣ್ಣಿನ ದಾರಿಯಲ್ಲಿ ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಎರೆಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ ತುಂಬಿ, ಗಾಲಿ ತಿರುಗುವುದೇ ನಿಲ್ಲುತ್ತದೆ. ಆಗ ಕಡ್ಡಿಯೊಂದನ್ನು ಹುಡುಕಿ ಮಣ್ಣು ಕೆತ್ತುತ್ತ, ಮತ್ತೆ ಹತ್ತು ಮಾರು ತಳ್ಳುತ್ತ, ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಶಾಲೆ ತಲುಪಿದ ನೆನಪು ಈ ಕಡೆಯ ಬಹಳ ಜನರಿಗಿದೆ. ಹಳ್ಳಿಯಿಂದ ಹೆದ್ದಾರಿಗೆ ಸೇರುವ ಕೊನೆಯ ಅರ್ಧ ಕಿ.ಮೀ. ಮೇಲೆ ಗರಸು ಹಾಕಿಸುವುದು ಸೈಕಲ್ಲಿನ ಮಟ್ಟಿಗೆ ಊರೊಳಗಿನ ಚತುಷ್ಪಥಕ್ಕಿಂತ ದೊಡ್ಡ ಉಪಕಾರ.

ಇವುಗಳ ಜೊತೆಗೆ ಹುಲ್ಲು ತುಂಬಿದ ಟ್ರ್ಯಾಕ್ಟರ್ ಟ್ರೇಲರ್‌ಗಳಿವೆ. ಹೊರೆ ಎರಡೂ ಬದಿ ಚಾಚಿ ಹಿಂದಿನ ಕೆಂಪು ದೀಪವನ್ನೂ ಪ್ರತಿಫಲಕವನ್ನೂ ಮುಚ್ಚಿರುತ್ತದೆ. ಅಂಚಿನಲ್ಲೇ ನಿಲ್ಲಿಸಿ ಜನ ಹತ್ತಿಸಿಕೊಳ್ಳುವ ಟಂಟಂ, ಕ್ರೂಸರ್‌ಗಳಿವೆ. ಪೇಟೆಯೊಳಗೆ ಹಣ್ಣಿನ ಬಂಡಿ, ನಿಂತ ಬೈಕು, ಅಂಗಡಿಯ ಮೆಟ್ಟಿಲು. ಸಿಂಧನೂರಿನ ಗಾಂಧಿ ವೃತ್ತದ ಸುತ್ತ ಸಂಜೆ ಸೈಕಲ್ ಹೊಡೆಯುವವರಿಗೆ ಅಂಚೇ ಸಿಗದು, ಲಾರಿಗಳ ನಡುವಿನ ಸಂದಿ ಮಾತ್ರ ಸಿಗುತ್ತದೆ.

ಸರ್ಕಾರ ಕೊಟ್ಟ ಸೈಕಲ್

ಈ ಸೀಮೆಯಲ್ಲಿ ಸೈಕಲ್ಲನ್ನು ಸಾರ್ವಜನಿಕ ವಿಷಯವಾಗಿಸಿದ್ದು ಶಾಲೆ. ಕರ್ನಾಟಕ ಸರ್ಕಾರ 2006–07ರಲ್ಲಿ ಸರ್ಕಾರಿ, ಅನುದಾನಿತ ಶಾಲೆಗಳ 8ನೇ ತರಗತಿ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿ, ನಂತರ ಗಂಡುಮಕ್ಕಳಿಗೂ ವಿಸ್ತರಿಸಿತು. ಬಸ್ ಪಾಸ್ ಪಡೆದವರಿಗೂ ಹಾಸ್ಟೆಲಿನಲ್ಲಿರುವವರಿಗೂ ಇರಲಿಲ್ಲ. ರಾಜ್ಯದಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಸೈಕಲ್ ಹಂಚಿಕೆಯಾಗುತ್ತಿತ್ತು. ಗುಣಮಟ್ಟದ ದೂರುಗಳು ಪ್ರತಿ ವರ್ಷದ ಪತ್ರಿಕೆಯಲ್ಲೂ ಇದ್ದವು. ಸೈಕಲ್ ಸಿಕ್ಕ ದಿನವೇ ಅಂಗಡಿಗೆ ಒಯ್ದು ನಟ್ಟು ಬಿಗಿಸಿ, ಬೇರಿಂಗ್ ಹಾಕಿಸಿಕೊಳ್ಳುವುದು ಮನೆಯವರ ಪಾಲಿನ ಖರ್ಚು. ಆದರೂ 8ನೇ ತರಗತಿ ಎಂದರೆ ಹಳ್ಳಿಯ ಶಾಲೆ ಮುಗಿದು ಬೇರೆ ಊರಿನ ಹೈಸ್ಕೂಲಿಗೆ ಹೋಗಬೇಕಾದ ವರ್ಷ. ಅನೇಕ ಹುಡುಗಿಯರ ಓದು ನಿಲ್ಲುತ್ತಿದ್ದುದೂ ಅದೇ ವರ್ಷ. ಇಂಥದೇ ಯೋಜನೆ ಬಿಹಾರದಲ್ಲಿ 2006ರಲ್ಲಿ ಆರಂಭವಾಯಿತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತೆಂದೂ ಹುಡುಗ-ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿಯಿತೆಂದೂ ಕಂಡುಕೊಂಡರು.

ಕೋವಿಡ್ ವರ್ಷದಿಂದ ಕರ್ನಾಟಕದ ಯೋಜನೆ ನಿಂತಿತು. ಮತ್ತೆ ಕೊಡಿ ಎಂಬ ಒತ್ತಾಯ ಆಗಾಗ ಕೇಳಿಬಂದಿದೆ. ಈ ಇಡೀ ಚರ್ಚೆಯಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಒಂದೂವರೆ ದಶಕ ಕಾಲ 13 ವರ್ಷದ ಲಕ್ಷಾಂತರ ಮಕ್ಕಳ ಕೈಗೆ ವಾಹನ ಕೊಟ್ಟ ಸರ್ಕಾರ ಅದನ್ನು ಓಡಿಸುವ ದಾರಿಯ ಬಗ್ಗೆ ಜೊತೆಯಲ್ಲೇ ಯೋಚಿಸಲಿಲ್ಲ. ಸೈಕಲ್ ಕೊಟ್ಟದ್ದು ಶಿಕ್ಷಣ ಇಲಾಖೆ, ರಸ್ತೆ ಲೋಕೋಪಯೋಗಿಯದು. ಒಂದು ಇಲಾಖೆಯ ಫಲಾನುಭವಿ ಇನ್ನೊಂದು ಇಲಾಖೆಯ ನಕ್ಷೆಯಲ್ಲಿ ಇಲ್ಲವೇ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಸೈಕಲ್ ಏಕೆ ಎನ್ನುವವರಿದ್ದಾರೆ. ಬಸ್ಸು ನಿಲ್ಲದ ಕ್ಯಾಂಪಿನಲ್ಲಿ ಕೂತು ಆ ಮಾತು ಹೇಳಲಾಗದು.

ಹಿಂದಿನವರು ಇನ್ನೊಂದು ನೆನಪು ಹೇಳುತ್ತಾರೆ. ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದವು. ಬಿಲ್ಲೆ ಇಲ್ಲದಿದ್ದರೆ, ರಾತ್ರಿ ದೀಪವಿಲ್ಲದಿದ್ದರೆ, ಇಬ್ಬರು ಕೂತಿದ್ದರೆ ದಂಡ. ಅಂದು ಸೈಕಲ್ಲು ಪುರಸಭೆಯ ಲೆಕ್ಕದ ಪುಸ್ತಕದಲ್ಲಿತ್ತು. ತೆರಿಗೆ ಹೋಯಿತು, ಒಳ್ಳೆಯದೇ ಆಯಿತು; ಲೆಕ್ಕದಿಂದಲೂ ಸೈಕಲ್ಲು ಹೋಯಿತು.

ಬೇರೆಡೆಯ ಹೋರಾಟಗಳು

ಸೈಕಲ್ ಹಾದಿಗಾಗಿ ಜನ ಬೀದಿಗಿಳಿದ ಪ್ರಸಿದ್ಧ ನಿದರ್ಶನ ನೆದರ್ಲೆಂಡ್ಸ್‌ನದು. ಅಲ್ಲಿ 1971ರಲ್ಲಿ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಮಂದಿ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಬರೆದ ಲೇಖನದ ಶೀರ್ಷಿಕೆ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬರ್ಥದ್ದು. ಅದೇ ಚಳವಳಿಯ ಹೆಸರಾಯಿತು. 1973ರ ತೈಲ ಬಿಕ್ಕಟ್ಟು ಅದಕ್ಕೆ ಬಲ ಕೊಟ್ಟಿತು. ಡಚ್ಚರು ಹುಟ್ಟಾ ಸೈಕಲ್ ಪ್ರಿಯರು, ನಮಗೆ ಅದು ಆಗದು ಎನ್ನುವವರು ಗಮನಿಸಬೇಕಾದ್ದು ಇದು: ಇಂದಿನ ಅವರ ಸೈಕಲ್ ಪಥಗಳಿಗೆ ಆ ದಶಕದ ತಾಯಿತಂದೆಯರ ಧರಣಿಗಳ ದೊಡ್ಡ ಪಾಲಿದೆ.

ನಮ್ಮ ಮಗ್ಗುಲಲ್ಲೇ ತಮಿಳುನಾಡಿನ ಪುದುಕೋಟೆ ಇದೆ. ಅಲ್ಲಿ 1991–92ರ ಸಾಕ್ಷರತಾ ಆಂದೋಲನದಲ್ಲಿ, ಶೀಲಾ ರಾಣಿ ಚುಂಕತ್ ಜಿಲ್ಲಾಧಿಕಾರಿಯಾಗಿದ್ದಾಗ, ಓದುಬರಹದ ಜೊತೆಗೆ ಸೈಕಲ್ ಕಲಿಕೆಯನ್ನೂ ಸೇರಿಸಲಾಯಿತು. ಕೃಷಿ ಕೂಲಿಗಳು, ಕಲ್ಲುಗಣಿಯ ಹೆಂಗಸರು, ಅಂಗನವಾಡಿಯವರು, ಹೀಗೆ ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರು ಸೈಕಲ್ ಕಲಿತರೆಂದು ಪತ್ರಕರ್ತ ಪಿ. ಸಾಯಿನಾಥ್ ದಾಖಲಿಸಿದ್ದಾರೆ. ಹೊಲಗೆಲಸದ ಸೀಮೆಗೆ ಡಚ್ಚರಿಗಿಂತ ಹತ್ತಿರದ ಪಾಠ ಇದು. ರಸ್ತೆಯಲ್ಲಿ ಸವಾರರು ಹೆಚ್ಚಿದಂತೆ ಚಾಲಕರ ಕಣ್ಣಿಗೆ ಅವರು ಬೀಳುವುದೂ ಹೆಚ್ಚುತ್ತದೆ.

ಮೇಲಿನಿಂದ ಕಟ್ಟಿಸಿದವೂ ಇವೆ. ಉತ್ತರ ಪ್ರದೇಶದ ಇಟಾವಾ–ಆಗ್ರಾ ನಡುವಿನ 207 ಕಿ.ಮೀ. ಸೈಕಲ್ ಹೆದ್ದಾರಿ 2016ರಲ್ಲಿ ತೆರೆಯಿತು. ಹೈದರಾಬಾದಿನ ಹೊರವರ್ತುಲ ರಸ್ತೆಯ ಪಕ್ಕ ಸೌರಫಲಕದ ಚಾವಣಿ ಹೊದಿಸಿದ 23 ಕಿ.ಮೀ. ಪಥ 2023ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಎರಡನೆಯದು ಮುಖ್ಯವಾಗಿ ವ್ಯಾಯಾಮಕ್ಕೆ, ವಾರಾಂತ್ಯದ ಸವಾರಿಗೆ. ಬಿಸಿಲಿನ ನಾಡಿನಲ್ಲಿ ನೆರಳೂ ವಿದ್ಯುತ್ತೂ ಒಟ್ಟಿಗೆ ಎಂಬ ಉಪಾಯ ಮಾತ್ರ ರಾಯಚೂರಿನವರೂ ಎತ್ತಿಕೊಳ್ಳಬಹುದಾದದ್ದು.

ಕರ್ನಾಟಕದ ನಗರಗಳು

ರಾಜ್ಯದಲ್ಲಿ ಈ ಕೆಲಸದ ಮುಂಚೂಣಿ ಬೆಂಗಳೂರಿನದು. ಜಯನಗರದ ರಸ್ತೆಗಳಲ್ಲಿ 2012ರ ಸುಮಾರಿಗೆ ಗುರುತಿಸಿದ ಸೈಕಲ್ ಪಥಗಳು ಬೇಗನೆ ಕಾರು ನಿಲ್ಲಿಸುವ ಜಾಗಗಳಾದವು. 2013ರ ಅಕ್ಟೋಬರ್‌ನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಮತ್ತು ನಾಗರಿಕ ಗುಂಪುಗಳು ಸೇರಿ ‘ಸೈಕಲ್ ಡೇ’ ಆರಂಭಿಸಿದವು. ಭಾನುವಾರ ಬಡಾವಣೆಯ ರಸ್ತೆಯನ್ನು ಮೋಟಾರು ವಾಹನಗಳಿಗೆ ಮುಚ್ಚಿ ಮಕ್ಕಳಿಗೆ ಬಿಟ್ಟುಕೊಡುವ ಈ ಪದ್ಧತಿ ಬಡಾವಣೆಯಿಂದ ಬಡಾವಣೆಗೆ ಹಬ್ಬಿತು. ಸತ್ಯ ಶಂಕರನ್ ಅವರು 2018ರಲ್ಲಿ ಬೆಂಗಳೂರಿನ ‘ಬೈಸಿಕಲ್ ಮೇಯರ್’ ಆದರು. ಅದು ಆಮ್‌ಸ್ಟರ್‌ಡಾಮಿನ ಸಂಸ್ಥೆಯೊಂದು ನೀಡುವ ಗೌರವದ ಹೆಸರು, ಅಧಿಕಾರದ ಹುದ್ದೆಯಲ್ಲ. 2020ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಸುಮಾರು 17 ಕಿ.ಮೀ. ತಾತ್ಕಾಲಿಕ ಪಥ ಬಂತು. ಗೂಟಗಳು ಮುರಿದು, ಮೆಟ್ರೊ ಕಾಮಗಾರಿ ಬಂದು, ಅದು ಉಳಿಯಲಿಲ್ಲ. ಮೈಸೂರಿನ ‘ಟ್ರಿಣ್ ಟ್ರಿಣ್’ 2017ರ ಜೂನ್‌ನಲ್ಲಿ 48 ನಿಲ್ದಾಣ, 450 ಬಾಡಿಗೆ ಸೈಕಲ್‌ಗಳೊಂದಿಗೆ ಶುರುವಾಯಿತು. ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ದಂಡೆಯುದ್ದಕ್ಕೂ ನಡಿಗೆ ಮತ್ತು ಸೈಕಲ್ಲಿನ ಹಸಿರು ಹಾದಿಯ ಯೋಜನೆ ಕೈಗೆತ್ತಿಕೊಳ್ಳಲಾಯಿತು. ಸೈಕಲ್ ಕ್ರೀಡೆಯಲ್ಲಿ ಹೆಸರು ಮಾಡಿದ ವಿಜಯಪುರ, ಬಾಗಲಕೋಟೆಯ ಹುಡುಗ-ಹುಡುಗಿಯರು ಅಭ್ಯಾಸ ಮಾಡುತ್ತ ಬಂದದ್ದು ಮಾತ್ರ ಸಿಂಧನೂರು ಸೀಮೆಯಂಥದೇ ಹೆದ್ದಾರಿಯ ಅಂಚಿನಲ್ಲಿ.

ನಡೆಯುವವರ, ಸೈಕಲ್ ಸವಾರರ ಹಕ್ಕಿಗೆ ಕಾನೂನಿನ ರೂಪ ಕೊಡುವ ಸಕ್ರಿಯ ಸಂಚಾರ ಮಸೂದೆಯ ಕರಡನ್ನು ನಗರ ಭೂಸಾರಿಗೆ ನಿರ್ದೇಶನಾಲಯ 2021ರ ಕೊನೆಯಲ್ಲಿ ಸಾರ್ವಜನಿಕರ ಮುಂದಿಟ್ಟಿತು. ಅದರ ಕಣ್ಣೂ ನಗರದ ಮೇಲೆಯೇ. ಬೆಂಗಳೂರಿನ ಹೋರಾಟವನ್ನು ಇಳಿಸಿ ನೋಡುವ ಉದ್ದೇಶವಿಲ್ಲ. ಆದರೆ ಅಲ್ಲಿ ಕಾರು ಬಿಟ್ಟು ಸೈಕಲ್ ಹತ್ತಿದವರು ಮಾತಾಡುತ್ತಾರೆ, ಸಿಂಧನೂರಿನಲ್ಲಿ ಸೈಕಲ್ ಬಿಟ್ಟು ಬೈಕ್ ಕೊಳ್ಳಲು ದುಡ್ಡು ಕೂಡಿಸುತ್ತಿರುವವರು ಸುಮ್ಮನಿರುತ್ತಾರೆ. ಅವರಿಗೆ ಸೈಕಲ್ ಅಭಿಮಾನದ ವಸ್ತುವಲ್ಲ. ಸದ್ಯದ ಸ್ಥಿತಿ ಅಷ್ಟೆ. 2011ರ ಜನಗಣತಿಯಂತೆ ದೇಶದ ಶೇ. 44.8 ಮನೆಗಳಲ್ಲಿ ಸೈಕಲ್ ಇತ್ತು. ಇಷ್ಟು ದೊಡ್ಡ ಗುಂಪಿಗೆ ಸಂಘವಿಲ್ಲದಿರುವ ಕಾರಣವೂ ಇದೇ: ಬಿಟ್ಟುಹೋಗಬೇಕೆಂದಿರುವ ಮನೆಗೆ ಯಾರೂ ಸುಣ್ಣ ಬಳಿಯುವುದಿಲ್ಲ.

ಕಾನೂನು ಮತ್ತು ಕಚೇರಿ

ಊರಿನವರ ಕೈಗೆ ಸಿಗುವ ಆಯುಧಗಳು ಇಲ್ಲವೆಂದಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 138(1ಎ) ಕಲಮು ಪಾದಚಾರಿಗಳು ಮತ್ತು ಯಂತ್ರರಹಿತ ವಾಹನಗಳ ಸಂಚಾರಕ್ಕೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕು. 198ಎ ಕಲಮಿನ ಪ್ರಕಾರ ನಿಗದಿತ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾದ ಅಧಿಕಾರ ಸಂಸ್ಥೆ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಜಿಲ್ಲೆಗೊಂದು ರಸ್ತೆ ಸುರಕ್ಷತಾ ಸಮಿತಿ ಇದ್ದು, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು.

ವೇಗದ ಲೆಕ್ಕ ಮಾತ್ರ ಸವಾರರ ಪರವಾಗಿಲ್ಲ. ಕೇಂದ್ರದ 2018ರ ಅಧಿಸೂಚನೆಯಂತೆ ಪುರಸಭೆ ವ್ಯಾಪ್ತಿಯ ರಸ್ತೆಯಲ್ಲೂ ಕಾರಿನ ಗರಿಷ್ಠ ಮಿತಿ ಗಂಟೆಗೆ 70 ಕಿ.ಮೀ., ದ್ವಿಚಕ್ರ ವಾಹನಕ್ಕೆ 60 ಎಂದಿತ್ತು. ಸ್ಥಳೀಯವಾಗಿ ಇದನ್ನು ತಗ್ಗಿಸಲು ಅವಕಾಶವಿದೆ. ಜನರೂ ವಾಹನಗಳೂ ಬೆರೆಯುವ ಕಡೆ 30 ಕಿ.ಮೀ. ಮಿತಿ ಇರಲಿ ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಕರೆ ಕೊಟ್ಟಿತು. ಸರಾಸರಿ ವೇಗ ಶೇ. 5 ಇಳಿದರೆ ಮಾರಣಾಂತಿಕ ಅಪಘಾತಗಳು ಶೇ. 30ರಷ್ಟು ತಗ್ಗಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ 4,800ಕ್ಕೂ ಹೆಚ್ಚು ಸೈಕಲ್ ಸವಾರರು, 32 ಸಾವಿರಕ್ಕೂ ಹೆಚ್ಚು ಪಾದಚಾರಿಗಳು.

ಮನವಿ ಎಲ್ಲಿಗೆ ಕೊಡಬೇಕೆಂಬುದರಲ್ಲೇ ಅರ್ಧ ಹೋರಾಟ ಕಳೆದುಹೋಗುತ್ತದೆ. ಒಬ್ಬ ಹುಡುಗಿ ಕ್ಯಾಂಪಿನಿಂದ ಹೈಸ್ಕೂಲಿಗೆ ಹೋಗುವ 5 ಕಿ.ಮೀ. ದಾರಿಯನ್ನೇ ತೆಗೆದುಕೊಳ್ಳಿ. ಕಾಲುವೆ ದಂಡೆ ನೀರಾವರಿ ಇಲಾಖೆಯದು, ಹಳ್ಳಿಯ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು, ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ವಿಭಾಗದ್ದು, ಶಾಲೆಯ ಬೀದಿ ನಗರಸಭೆಯದು. ಸಿಂಧನೂರಿಗೆ ನಗರಸಭೆ, ಮಸ್ಕಿ ಮತ್ತು ಲಿಂಗಸುಗೂರಿಗೆ ಪುರಸಭೆ. ಉಪವಿಭಾಗಾಧಿಕಾರಿಯ ಕಚೇರಿ ಲಿಂಗಸುಗೂರಿನಲ್ಲಿ. ನೀರಿಗಾಗಿ, ಬೆಲೆಗಾಗಿ ರಸ್ತೆ ತಡೆದು ಅಧಿಕಾರಿಗಳನ್ನು ಸ್ಥಳಕ್ಕೇ ಕರೆಸಿಕೊಂಡ ರೈತ ಹೋರಾಟದ ಪರಂಪರೆ ಈ ಸೀಮೆಗಿದೆ. ಅದೇ ಹೋರಾಟಗಾರರು ತಮ್ಮ ಮಕ್ಕಳ ದಾರಿಯ ವಿಷಯದಲ್ಲಿ ಒಂದೊಂದೇ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವುದು ವಿಚಿತ್ರ. ಹಣದ ಮೂಲವೂ ಇದೆ: ಸಂವಿಧಾನದ 371(ಜೆ) ವಿಧಿಯ ನಂತರ ಬಲಗೊಂಡ ಪ್ರದೇಶಾಭಿವೃದ್ಧಿ ಮಂಡಳಿ, ಇಂದಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ರಸ್ತೆಗೂ ಶಾಲೆಗೂ ಅನುದಾನ ಕೊಡುತ್ತದೆ. ಶಾಲೆಯ ಕೋಣೆಗೆ ಹಣ ಕೇಳುವಾಗ ಶಾಲೆಯ ದಾರಿಗೂ ಕೇಳಬಹುದು.

ಕಾಲುವೆ ದಂಡೆ

ಹೆದ್ದಾರಿಗೆ ಪರ್ಯಾಯ ಹುಡುಕುವವರು ಸಿಂಧನೂರಿನಲ್ಲಿ ಬಹಳ ದೂರ ನೋಡಬೇಕಿಲ್ಲ. ಎಡದಂಡೆ ಮುಖ್ಯ ಕಾಲುವೆ ಒಟ್ಟು 227 ಕಿ.ಮೀ. ಉದ್ದ, ಅದರ ಸ್ಥಳಗಳನ್ನು ರೈತರು ಇಂದಿಗೂ 69ನೇ ಮೈಲ್ ಎಂಬಂತೆ ಮೈಲಿಯಲ್ಲೇ ಗುರುತಿಸುತ್ತಾರೆ. ಅದಕ್ಕೂ ಅದರ ವಿತರಣಾ ಕಾಲುವೆಗಳಿಗೂ ಮೇಲ್ವಿಚಾರಣೆಗೆಂದು ದಂಡೆಯ ಮೇಲೆ ದಾರಿ ಬಿಟ್ಟಿರುತ್ತಾರೆ. ಕಾಲುವೆ ಕ್ಯಾಂಪನ್ನು ಹಾಯ್ದೇ ಹೋಗುವುದರಿಂದ ಈ ದಾರಿಯೂ ಕ್ಯಾಂಪುಗಳನ್ನು ಹಾಯುತ್ತದೆ. ಏರಿಳಿತವಿಲ್ಲ, ಲಾರಿ ಇಲ್ಲ. ಕೊರತೆಗಳೂ ಸ್ಪಷ್ಟ: ಮಳೆಗೆ ಕೆಸರು, ತೂಬುಗಳ ಬಳಿ ಕಡಿತ, ಜಾಲಿ, ನೀರಿನ ಕಡೆಗೆ ತಡೆಗೋಡೆ ಇಲ್ಲದಿರುವುದು, ಸಂಜೆಯ ನಿರ್ಜನತೆ. ಹುಡುಗಿಯರಿಗೆ ನಿರ್ಜನ ದಾರಿ ಲಾರಿಯಷ್ಟೇ ಭಯದ್ದು. ಆದ್ದರಿಂದ ದಂಡೆಯ ದಾರಿಯನ್ನು ಹೆದ್ದಾರಿಯ ಬದಲಿಗೆ ಎನ್ನುವುದಕ್ಕಿಂತ, ಊರಿಗೆ ಹತ್ತಿರದ 2–3 ಕಿ.ಮೀ. ತುಂಡುಗಳಿಗೆ ಗರಸು, ದೀಪ, ತಡೆಕಲ್ಲು ಹಾಕಿಸಿಕೊಳ್ಳುವ ಬೇಡಿಕೆ ಹೆಚ್ಚು ಕಾರ್ಯಸಾಧ್ಯ. ಮಸ್ಕಿ, ಲಿಂಗಸುಗೂರಿನ ಒಣಭೂಮಿಯಲ್ಲಿ ಇದಕ್ಕೆ ಬದಲಾಗಿ ಉದ್ಯೋಗ ಖಾತ್ರಿಯಡಿ ಮಾಡುವ ‘ನಮ್ಮ ಹೊಲ ನಮ್ಮ ದಾರಿ’ಯಂಥ ಬಂಡಿದಾರಿಗಳನ್ನು ಶಾಲೆಯವರೆಗೆ ಮುಂದುವರಿಸುವ ಮಾತು ಬರುತ್ತದೆ.

ಎಣಿಕೆ

ಭಾರತೀಯ ರಸ್ತೆ ಕಾಂಗ್ರೆಸ್ 1962ರಲ್ಲೇ ಸೈಕಲ್ ಪಥಗಳಿಗೆಂದು ಐಆರ್‌ಸಿ 11 ಎಂಬ ಮಾನದಂಡ ಪ್ರಕಟಿಸಿತು. 2015ರಲ್ಲಿ ಅದರ ಪರಿಷ್ಕರಣೆಯಾಯಿತು. 1962ರ ನಿಯಮ ಸರಳ. ಅತಿ ದಟ್ಟಣೆಯ ಒಂದು ಗಂಟೆಯಲ್ಲಿ 100ರಿಂದ 200 ಮೋಟಾರು ವಾಹನ ಓಡುವ ರಸ್ತೆಯಲ್ಲಿ 400 ಸೈಕಲ್ ಹಾಯ್ದರೆ ಪ್ರತ್ಯೇಕ ಪಥ ಬೇಕು. ಮೋಟಾರು ವಾಹನ 200 ಮೀರಿದರೆ 100 ಸೈಕಲ್ಲೇ ಸಾಕು. ಕನಿಷ್ಠ ಅಗಲ 2 ಮೀಟರ್. ಈ ನಿಯಮಕ್ಕೊಂದು ದೋಷವಿದೆ. ಭಯದಿಂದ ಸೈಕಲ್ ಬಿಟ್ಟವರನ್ನು, ಭಯದಿಂದಲೇ ಶಾಲೆ ಬಿಡಿಸಿದ ಹುಡುಗಿಯನ್ನು ಅದು ಎಣಿಸದು. ಸೇತುವೆ ಬೇಕೋ ಬೇಡವೋ ಎಂದು ತಿಳಿಯಲು ಹಳ್ಳ ಈಜುವವರನ್ನು ಎಣಿಸಿದಂತೆ. ಆದರೂ ಅಂಕಿ ಇಲ್ಲದ ಮನವಿಗೆ ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ ಸಿಗುತ್ತದೆ, ಅಂಕಿ ಇರುವ ಮನವಿಗೆ ಇಂಜಿನಿಯರು ಉತ್ತರ ಬರೆಯಬೇಕಾಗುತ್ತದೆ.

ಎಣಿಸಲು ಯಂತ್ರ ಬೇಕಿಲ್ಲ. ಒಂದು ನೋಟ್‌ಬುಕ್ಕು, ಇಬ್ಬರು ಜನ, ಒಬ್ಬರು ಸೈಕಲ್ಲಿಗೆ, ಒಬ್ಬರು ಮೋಟಾರು ವಾಹನಕ್ಕೆ. ನಾಲ್ಕು ಗೆರೆ ಎಳೆದು ಅಡ್ಡಗೆರೆ ಹಾಕಿದರೆ ಐದು. ಹೆಣ್ಣುಮಕ್ಕಳದು, ಕ್ಯಾರಿಯರ್ ಮೇಲೆ ಇನ್ನೊಬ್ಬರನ್ನು ಕೂರಿಸಿಕೊಂಡವರದು, ಕೂಲಿಗೆ ಹೋಗುವವರದು ಬೇರೆ ಬೇರೆ ಸಾಲು. ಕಾಲ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಎಣಿಸಿದರೆ ಶಾಲೆಗೆ ರಜೆ, ನಾಟಿ ಇಲ್ಲ, ರಸ್ತೆ ಖಾಲಿ. ಶಾಲೆ ತೆರೆದು, ಕಾಲುವೆಗೆ ನೀರು ಬಿಟ್ಟು, ಭತ್ತದ ನಾಟಿ ನಡೆಯುವ ಆಗಸ್ಟ್ ಹೊತ್ತಿಗೆ, ಬೆಳಿಗ್ಗೆ 9ರಿಂದ 10ರವರೆಗೆ, ಕ್ಯಾಂಪಿನ ದಾರಿ ಹೆದ್ದಾರಿಗೆ ಸೇರುವ ಮೂಲೆಯಲ್ಲಿ ನಿಲ್ಲಬೇಕು. ಮೂರು ದಿನದ ಎಣಿಕೆಯ ಮೂಲ ಹಾಳೆಯನ್ನು ತಮ್ಮಲ್ಲೇ ಇಟ್ಟುಕೊಂಡು, ಒಂದು ನಕಲನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಹೆಸರಿಗೆ, ಇನ್ನೊಂದನ್ನು ಆ ರಸ್ತೆ ಯಾರದೋ ಆ ಇಲಾಖೆಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.